ದೇವಿ ನಿಂತ ದೂರ

ಶಿರಾಲಿ
14 ನವೆಂಬರ್ 2024

ದಿನಕರ ಭಾವನಿಗೆ ಮಾಬ್ಲೇಶ್ವರನ ನಮಸ್ಕಾರ.

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿ ಕೂತಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೆ ಈ ಕಾಗದ. ಕುಮಟೆಯಲ್ಲಿ ನಿನ್ನ ಕಾಲೇಜಿನ ಹುಡುಗರ ಎದುರು ಮಿಂಚು ಹಾರಿಸುವ ನಿನ್ನ ಟೆಸ್ಲಾ ಕಾಯಿಲನ್ನು ಗ್ಯಾಸ್ ಲೈಟರ್ ಎಂದು ಕರೆದದ್ದು ತಪ್ಪೇ, ಒಪ್ಪಿದೆ. ಸುಳ್ಳಂತೂ ಹೇಳಲಿಲ್ಲ. ಮೂವತ್ತೆಂಟು ಇಂಚಿನ ಕಿಡಿ ಹಾರಿಸಲು ಎರಡು ವರ್ಷ ಲೆಕ್ಕ ಹಾಕಿದವನು ನೀನು. ನಾನು ನನ್ನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕೈಯಾರೆ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ ಐದು ಕಿಲೋವ್ಯಾಟ್ ಕರೆಂಟು ಕೊಟ್ಟೆ, ನನ್ನ ಕಾಯಿಲಿನ ಪೈಪಿನ ತಲೆಯಿಂದ ಆರಡಿ ಉದ್ದದ ಮಿಂಚು ಹಾರಿತು. ಹಿತ್ತಿಲ ತೆಂಗಿನ ಗರಿಯೊಂದು ಸುಟ್ಟಿತು. ಓಣಿಯ ದೀಪಗಳೆಲ್ಲ ಒಮ್ಮೆ ಮಂಕಾದವು. ಪಕ್ಕದ ಮನೆಯ ನಾಗಮ್ಮ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದಳು. ಅದಲ್ಲವೇ ಯಂತ್ರ ಎಂದರೆ!

ಈಗ ವಿಷಯ ಕೇಳು. ಕರ್ಕಿಯ ಗಣೇಶ ಭಾಗವತರು ಬಂದಿದ್ದರು. ಏಪ್ರಿಲ್‌ನಲ್ಲಿ ಅವರ ಯಕ್ಷಗಾನ ಮೇಳದ ಆಟ. ರಾಕ್ಷಸ ವೇಷ ರಂಗಕ್ಕೆ ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಹಾರಿಸುವುದು ಹಳೇ ಪದ್ಧತಿ, ಈ ಸಲ ನಿಜವಾದ ಮಿಂಚೇ ಬೇಕಂತೆ. ನಿನ್ನನ್ನೂ ಕೇಳುತ್ತಾರಂತೆ. ಇಬ್ಬರಲ್ಲಿ ಒಬ್ಬರದ್ದು. ನೀನು ಸುಮ್ಮನೆ ಹಿಂದೆ ಸರಿದರೆ ಮರ್ಯಾದೆ ಉಳಿಯುತ್ತದೆ.

ಕಾಯಿಲ್ ಸುತ್ತುವ ಕೆಲಸ ಎಂದಿನಂತೆ ದೇವಿಯದ್ದೇ. ನೀನು ಏನೇ ಹೇಳು, ಸಾವಿರದ ಇನ್ನೂರು ಸುತ್ತು ಒಂದರ ಮೇಲೊಂದು ಹತ್ತದ ಹಾಗೆ ಕೈಯಲ್ಲಿ ಸುತ್ತುವವರು ಈ ತಾಲೂಕಿನಲ್ಲಿ ನಿನ್ನ ತಂಗಿ ಬಿಟ್ಟರೆ ಇಲ್ಲ. ಈಗ ಸ್ವಲ್ಪ ನಿಧಾನವಾಗಿದ್ದಾಳೆ. ಮೊನ್ನೆ ಬಾವಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದು ಕೂತಳು. ಪಿತ್ತ ಇರಬೇಕು.

ಇಂತಿ ನಿನ್ನ ಭಾವ
ಮಾಬ್ಲೇಶ್ವರ


ಕುಮಟಾ
22 ನವೆಂಬರ್ 2024

ಮಾನ್ಯ ಶ್ರೀ ಮಾಬ್ಲೇಶ್ವರ ನಾಯ್ಕರಿಗೆ,

ತಮ್ಮ ಪತ್ರ ತಲುಪಿತು. ಇಪ್ಪತ್ತಾರು ವರ್ಷ ಫಿಸಿಕ್ಸ್ ಲ್ಯಾಬಿನಲ್ಲಿ ದುಡಿದವನಿಗೆ ತಾವು ಕರೆಂಟಿನ ಪಾಠ ಹೇಳಿಕೊಟ್ಟದ್ದಕ್ಕೆ ಉಪಕಾರ.

ಈಗ ತಾವು ಗಿವು ಬಿಟ್ಟು ಹೇಳುತ್ತೇನೆ, ಕೇಳಿಸಿಕೊ. ಕಿಡಿಯ ಉದ್ದ ಎರಡರಷ್ಟು ಆಗಬೇಕಾದರೆ ಕರೆಂಟು ನಾಲ್ಕರಷ್ಟು ಬೇಕು. ಇದನ್ನು ನಿನಗೆ ಎಷ್ಟು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ. ನನ್ನದು ಆರುನೂರು ವ್ಯಾಟಿಗೆ ಮೂವತ್ತೆಂಟು ಇಂಚು. ಅದೇ ಹದ ನಿನ್ನದರಲ್ಲಿ ಇದ್ದಿದ್ದರೆ ಐದು ಸಾವಿರ ವ್ಯಾಟಿಗೆ ಒಂಬತ್ತು ಅಡಿ ಬರಬೇಕಿತ್ತು. ಬಂದದ್ದು ಆರು. ಉಳಿದ ಕರೆಂಟು ಎಲ್ಲಿಗೆ ಹೋಯಿತು? ಸದ್ದಿಗೆ ಹೋಯಿತು, ಬಿಸಿಗೆ ಹೋಯಿತು, ನಿನ್ನ ಮೀಸೆಗೆ ಹೋಯಿತು. ನಿನ್ನ ಯಂತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳು. ಅದನ್ನು ಬಲ ಎಂದು ಹೇಳಿಕೊಂಡು ತಿರುಗಲು ನಿನಗೆ ನಾಚಿಕೆಯಾಗಬೇಕು.

ಕರ್ಕಿಯ ಆಟದಿಂದ ನಾನು ಹಿಂದೆ ಸರಿಯುವುದಿಲ್ಲ. ಮೇಳದ ಜನರೇಟರ್ ನಿನ್ನ ಐದು ಕಿಲೋವ್ಯಾಟನ್ನು ಎತ್ತಲಾರದು. ನನ್ನದು ಎರಡು ಟ್ಯೂಬ್‌ಲೈಟು ಹೆಚ್ಚಿಗೆ ಉರಿದಷ್ಟು ಹಗುರವಾಗಿ ನಡೆಯುತ್ತದೆ.

ದೇವಿ ನನಗೂ ಒಂದು ಕಾಯಿಲ್ ಸುತ್ತಿಕೊಡಬೇಕು. ಗಂಡನಿಗೆ ಮೂರು, ಅಣ್ಣನಿಗೆ ಒಂದೂ ಇಲ್ಲ ಎಂದರೆ ಯಾವ ನ್ಯಾಯ? ಪಿತ್ತಕ್ಕೆ ಜೀರಿಗೆ ಕಷಾಯ ಕುಡಿಯಲಿ.

ದಿನಕರ


ಶಿರಾಲಿ
9 ಡಿಸೆಂಬರ್ 2024

ಭಾವ,

ಪಿತ್ತ ಅಲ್ಲವಂತೆ. ಕಳೆದ ಭಾನುವಾರ ಅಂಗಡಿಯಲ್ಲಿ ಕಾಯಿಲ್ ಸುತ್ತುತ್ತಾ ಇದ್ದವಳು ಹಾಗೇ ಮಗ್ಗುಲಾಗಿ ಬಿದ್ದಳು. ಬಿದ್ದಾಗಲೂ ತಂತಿ ಕೈಯಲ್ಲೇ ಇತ್ತು. ನಿನಗೆ ಹತ್ತು ಸಲ ಫೋನ್ ಮಾಡಿದೆ, ಬ್ಲಾಕ್ ಇರುವುದು ಹನ್ನೊಂದನೇ ಸಲಕ್ಕೆ ನೆನಪಾಯಿತು. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಎದೆಬಡಿತ ನಿಮಿಷಕ್ಕೆ ಮೂವತ್ತಕ್ಕೆ ಇಳಿದಿತ್ತಂತೆ. ಎಡಭುಜದ ಕೆಳಗೆ ಚರ್ಮ ಕೊಯ್ದು ಪೇಸ್‌ಮೇಕರ್ ಕೂರಿಸಿದ್ದಾರೆ. ಬೆಂಕಿಪೊಟ್ಟಣದಷ್ಟು ದೊಡ್ಡದು, ಒಳಗೆ ಬ್ಯಾಟರಿ. ಎದೆ ಬಡಿಯಲು ಮರೆತಾಗಲೆಲ್ಲ ಅದು ಒಂದು ಸಣ್ಣ ಪೆಟ್ಟು ಕೊಡುತ್ತದಂತೆ.

ನಾನು ಹೆದರಿದ್ದೆ ಭಾವ. ಸುಳ್ಳು ಯಾಕೆ ಹೇಳಲಿ. ಆಸ್ಪತ್ರೆಯ ಹೊರಗೆ ನಿಂತು ಅತ್ತೆ.

ಡಾಕ್ಟರು ನನ್ನ ಉದ್ಯೋಗ ಕೇಳಿದರು. ವೆಲ್ಡಿಂಗ್ ಮಷೀನು, ದೊಡ್ಡ ಮೋಟರು, ಕಿಡಿ ಹಾರುವ ಯಾವುದರ ಹತ್ತಿರವೂ ಇವರನ್ನು ಬಿಡಬೇಡಿ ಎಂದರು. ಟೆಸ್ಲಾ ಕಾಯಿಲಿನ ಮಾತನ್ನು ನಾನು ಎತ್ತಲಿಲ್ಲ. ಎತ್ತಿದ್ದರೆ ಬೇಡವೇ ಬೇಡ ಎನ್ನುತ್ತಿದ್ದರು. ಕೇಳದಿದ್ದರೆ ಅವರು ಬೇಡ ಎಂದ ಹಾಗೆ ಆಗುವುದಿಲ್ಲವಲ್ಲ.

ಎಡಗೈ ಒಂದು ತಿಂಗಳು ಮೇಲೆತ್ತಬಾರದಂತೆ. ಇನ್ನು ಮುನ್ನೂರು ಸುತ್ತು ಬಾಕಿ ಇದೆ. ಸುತ್ತುವುದಕ್ಕೆ ಬಲಗೈ ಸಾಕು ಎಂದು ಅವಳೇ ಹೇಳುತ್ತಾಳೆ.

ಮಾಬ್ಲೇಶ್ವರ


ಕುಮಟಾ
16 ಡಿಸೆಂಬರ್ 2024

ಭಾವ,

ದೇವಿಯ ಸುದ್ದಿ ಓದಿ ಬಹಳ ದುಃಖವಾಯಿತು. ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿರುವುದರಿಂದ ಬರಲಾಗಲಿಲ್ಲ. ಒಂದು ಡಜನ್ ಕಿತ್ತಳೆ ತಂದುಕೊಡು, ನನ್ನ ಹೆಸರು ಹೇಳು.

ಇನ್ನು ಮುಖ್ಯ ವಿಷಯ. ಗಣೇಶ ಭಾಗವತರು ಇಲ್ಲಿಗೂ ಬಂದಿದ್ದರು. ವೇಷದವನ ಮೈತುಂಬ ಗಿಲೀಟು, ಕನ್ನಡಿ ಚೂರು, ತಲೆಯ ಮೇಲೆ ತಗಡು. ಅವರಿಗೆ ಅದೇ ಚಿಂತೆ. "ನಮ್ ಹುಡುಗ್ರಿಗೆ ಎಂತಾದ್ರೂ ಆದ್ರೆ ಎಂತ ಮಾಡೂದು ಮಾಸ್ತರೆ?" ಎಂದು ಕೇಳಿದರು. ಹನ್ನೆರಡು ಅಡಿ ದೂರದಲ್ಲಿ ಏನೂ ಆಗುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ ಎಂದೆ. "ಬರ್ದು ಕೊಟ್ರೆ ಆತಾ? ತೋರ್ಸಿ" ಎಂದು ಎದ್ದು ಹೋದರು.

ನಾನು ತೋರಿಸಬಲ್ಲೆ. ನೀನು? ನಿನ್ನ ಮನೆಯಲ್ಲೇ ಈಗ ಎದೆಗೆ ಬ್ಯಾಟರಿ ಹಾಕಿಸಿಕೊಂಡವಳು ಇದ್ದಾಳೆ. ಅವಳು ಹಿತ್ತಿಲಲ್ಲಿ ಇರುವಾಗ ನಿನ್ನ ರಾಕ್ಷಸನ ಸ್ವಿಚ್ಚು ಒತ್ತುವ ಎದೆಗಾರಿಕೆ ನಿನಗಿದೆಯೇ? ಇಲ್ಲ. ಅಲ್ಲಿಗೆ ನಿನ್ನ ಬಲದ ಕಥೆ ಮುಗಿಯಿತು. ಅರ್ಧ ಕರೆಂಟನ್ನು ಊರಿಗೆಲ್ಲ ಚೆಲ್ಲುವ ಯಂತ್ರದ ಹತ್ತಿರ ರೋಗಿ ನಿಲ್ಲಲಾರಳು. ಹದವಾಗಿ ಕಟ್ಟಿದ ಯಂತ್ರದ ಹತ್ತಿರ ನಿಲ್ಲಬಹುದು. ಇದು ನಾನು ನಿನಗೆ ಮೊದಲಿನಿಂದ ಹೇಳುತ್ತಿದ್ದ ಮಾತೇ.

ನನ್ನ ಕಾಯಿಲಿಗೆ ಸುತ್ತು ಹಾಕಲು ಶುರು ಮಾಡಿದ್ದಾಳೆಯೇ ಎಂದು ತಿಳಿಸು.

ದಿನಕರ


ಶಿರಾಲಿ
6 ಜನವರಿ 2025

ಭಾವ,

ಎದೆಗಾರಿಕೆ ಕೇಳಿದೆಯಲ್ಲ, ಇಗೋ ತಗೋ.

ನಾಲ್ಕನೇ ತಾರೀಖು ಶನಿವಾರ ಬೆಳಿಗ್ಗೆ ದೇವಿಯನ್ನು ಮೊದಲು ಗೇಟಿನ ಹತ್ತಿರ ನಿಲ್ಲಿಸಿದೆ, ಅರವತ್ತು ಅಡಿ. ಯಂತ್ರ ಹಚ್ಚಿದೆ. ಏನೂ ಇಲ್ಲ. ಆಮೇಲೆ ಬಾವಿಕಟ್ಟೆ, ನಲವತ್ತು ಅಡಿ. ಏನೂ ಇಲ್ಲ. ಆಮೇಲೆ ಕೊಟ್ಟಿಗೆಯ ಮೂಲೆ, ಮೂವತ್ತು. ಆರಡಿ ಕಿಡಿ ಪೂರಾ ಎಂಟು ಸೆಕೆಂಡು ಹಾರಿತು. "ಎಂತ ಆತೇ ನಿಂಗೆ?" ಎಂದು ಕೂಗಿದೆ. "ಎಂತೂ ಆಗ್ಲಿಲ್ಲ" ಎಂದಳು.

ಬಲವಂತ ಮಾಡಲಿಲ್ಲ, ತಿಳಿದಿರಲಿ. ಕೇಳಿಯೇ ನಿಲ್ಲಿಸಿದ್ದು. "ಆತು, ನಿಂತ್ಕಂತೆ" ಎಂದು ತಾನೇ ಸೆರಗು ಸಿಕ್ಕಿಸಿಕೊಂಡು ಹೋದಳು. ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು, ಕೈ ತೆಗೆ ಎಂದೆ. ಭಾಗವತರಿಗೆ ಕಳಿಸುವ ವಿಡಿಯೋದಲ್ಲಿ ಹೆದರಿದ ಹಾಗೆ ಕಾಣುತ್ತದೆ. ತೆಗೆದಳು.

ಭಾಗವತರಿಗೆ ನಾನು ಏನು ಹೇಳಿದೆ ಗೊತ್ತೇ? ಎದೆಗೆ ಬ್ಯಾಟರಿ ಇಟ್ಟ ಹೆಂಗಸಿಗೇ ಏನೂ ಆಗದ ಮೇಲೆ ನಿಮ್ಮ ಗಟ್ಟಿಮುಟ್ಟು ರಾಕ್ಷಸನಿಗೆ ಏನಾಗುತ್ತದೆ ಎಂದೆ. ಅವರ ಉತ್ತರ ಇನ್ನೂ ಬಂದಿಲ್ಲ. ಬೆರಗಾಗಿರಬೇಕು.

ಮಾಬ್ಲೇಶ್ವರ


ಕುಮಟಾ
14 ಜನವರಿ 2025

ಭಾವ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ನನ್ನ ತಂಗಿಯನ್ನು ಹೀಗೆ ನಿಲ್ಲಿಸುವುದೇ?

ದೂರವನ್ನು ಎಲ್ಲಿಂದ ಅಳೆದೆ? ಯಂತ್ರದ ಬುಡದಿಂದಲೋ, ಕಿಡಿ ಹೊರಡುವ ಮೇಲಿನ ಬಳೆಯಿಂದಲೋ? ಬರೆದಿಲ್ಲ. ಯಂತ್ರದ ಅರ್ತಿಂಗ್ ಗುಂಡಿಗೆ ಅವತ್ತು ನೀರು ಹಾಕಿದ್ದೆಯೋ ಇಲ್ಲವೋ? ಚಿರೆಕಲ್ಲಿನ ನೆಲ ಜನವರಿಗೇ ಒಣಗಿರುತ್ತದೆ. ಉಪ್ಪು, ಇದ್ದಿಲು ತುಂಬಿ ಕೊಡಪಾನಗಟ್ಟಲೆ ನೀರು ಹೊಯ್ಯದಿದ್ದರೆ ಕಾಯಿಲ್ ಅರೆಬರೆ ಓಡುತ್ತದೆ. ಆಗ ಹತ್ತಿರ ನಿಂತವರಿಗೆ ಏನೂ ಆಗಲಿಲ್ಲ ಎಂದರೆ ಅದರಲ್ಲಿ ಹೆಚ್ಚುಗಾರಿಕೆ ಏನು ಬಂತು? ಮೂವತ್ತು ಅಡಿ ಒಂದು ದೂರವೇ? ಮೂವತ್ತು ಅಡಿ ದೂರದಿಂದ ನಿನ್ನ ಮುಖವೂ ಸಹಿಸುವ ಹಾಗಿರುತ್ತದೆ. ಇಂಥದ್ದನ್ನು ಪ್ರಯೋಗ ಎಂದು ನನ್ನ ವಿದ್ಯಾರ್ಥಿ ಬರೆದು ತಂದಿದ್ದರೆ ರೆಕಾರ್ಡ್ ಪುಸ್ತಕ ಹರಿದು ಕೈಗೆ ಕೊಡುತ್ತಿದ್ದೆ.

ಅವಳನ್ನು ಇಲ್ಲಿಗೆ ಕಳಿಸು. ಸರಿಯಾಗಿ ಮಾಡುವುದು ಹೇಗೆಂದು ತೋರಿಸುತ್ತೇನೆ. ಕಾಯಿಲ್ ಈಗ ಕಾಲೇಜಿನಲ್ಲಿದೆ, ಅವಳು ಬರುವಷ್ಟರಲ್ಲಿ ಮನೆಗೆ ತಂದಿಡುತ್ತೇನೆ. ಬರುವಾಗ ನನಗೆಂದು ಸುತ್ತಿದ್ದನ್ನೂ ಅವಳ ಕೈಯಲ್ಲೇ ಕೊಟ್ಟು ಕಳಿಸು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಲಿ, ಸಾಮಾನು ಇಡುವ ಮೇಲಿನ ಹಲಗೆಗೆ ಹಾಕಿದರೆ ವಾರ್ನಿಶ್ ಕೆರೆದುಹೋಗುತ್ತದೆ.

ದಿನಕರ


ಶಿರಾಲಿ
20 ಜನವರಿ 2025

ಅಣ್ಣನಿಗೆ ದೇವಿಯ ನಮಸ್ಕಾರಗಳು.

ನೀನು ಕರೆದಿದ್ದೀ ಎಂದು ಇವರು ಹೇಳಿದರು. ಖುಷಿಯಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ನಾಲ್ಕು ದಿನ ಎಲ್ಲಾದರೂ ಸುಮ್ಮನೆ ಮಲಗಬೇಕು ಎಂದು ಬಹಳ ಅನ್ನಿಸಿತ್ತು. ಯಾರಿಗೆ ಹೇಳುವುದು ಎಂದು ಗೊತ್ತಾಗಲಿಲ್ಲ. ನೀನಾಗಿಯೇ ಕರೆದೆ.

ಒಂದನೇ ತಾರೀಖು ಬರುತ್ತೇನೆ. ನಿನಗೆ ಇಷ್ಟವಾದ ಮಾವಿನ ಮಿಡಿ ಉಪ್ಪಿನಕಾಯಿ ತರುತ್ತೇನೆ. ನೀನು ಒಬ್ಬನೇ ಇರುವವನು, ಅಡುಗೆ ನಾನೇ ಮಾಡುತ್ತೇನೆ, ಅಷ್ಟು ಕೈಲಾಗುತ್ತದೆ. ನಿನ್ನ ಕಾಯಿಲ್ ಸುತ್ತಿ ಮುಗಿಸಿದೆ, ಅದನ್ನೂ ತರುತ್ತೇನೆ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಯಂತ್ರ ಕಾಲೇಜಿನಲ್ಲೇ ಇರುತ್ತದಲ್ಲ? ಮನೆಯಲ್ಲಿ ಇರುವುದಿಲ್ಲ ತಾನೆ?

ನಿನ್ನ ತಂಗಿ
ದೇವಿ


ಕುಮಟಾ
10 ಫೆಬ್ರವರಿ 2025

ಭಾವ,

ಪ್ರಯೋಗ ಎಂದರೆ ಹೀಗಿರಬೇಕು, ಓದಿ ಕಲಿ.

ಎಂಟನೇ ತಾರೀಖು, ಬೆಳಿಗ್ಗೆ ಹತ್ತೂವರೆ. ಅರ್ತಿಂಗ್ ಗುಂಡಿಗೆ ಮೂರು ದಿನ ಮೊದಲಿನಿಂದ ನೀರು. ಕಾಯಿಲಿನ ಹದ ಅರ್ಧ ಸುತ್ತಿನವರೆಗೂ ಸರಿಮಾಡಿದ್ದು. ದೂರವನ್ನು ಮೇಲಿನ ಬಳೆಯ ಅಂಚಿನಿಂದ ಟೇಪು ಹಿಡಿದು ಅಳೆದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ದೇವಿ ಹದಿನೈದು ಅಡಿಯ ಗೆರೆಯ ಮೇಲೆ ನಿಂತಳು, ಏನೂ ಇಲ್ಲ. ಹತ್ತು ಅಡಿ, ಏನೂ ಇಲ್ಲ. ಆರು ಅಡಿಯ ಗೆರೆಗೆ ಬಾ ಎಂದಾಗ ಸ್ವಲ್ಪ ತಡೆದಳು. "ಅಣ್ಣ, ಸಾಕಲ್ಲ" ಎಂದಳು. ಅರ್ಧಕ್ಕೆ ನಿಲ್ಲಿಸಿದ ಪ್ರಯೋಗ ಮಾಡದ ಹಾಗೆಯೇ ಎಂದು ತಿಳಿಸಿ ಹೇಳಿದೆ. ಬಂದು ನಿಂತಳು. ಹತ್ತು ಸೆಕೆಂಡು. ಏನೂ ಆಗಲಿಲ್ಲ.

ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಏನಾಯಿತು ಎಂದರೆ ಮಂಡಿನೋವು ಎಂದಳು. ಐವತ್ತು ದಾಟಿದ ಹೆಂಗಸರಿಗೆ ಮಂಡಿನೋವು ಇದ್ದದ್ದೇ.

ಆರು ಅಡಿ, ಭಾವ. ನಿನ್ನ ಮೂವತ್ತನ್ನು ಈಗ ಎಲ್ಲಿ ಇಟ್ಟುಕೊಳ್ಳುತ್ತೀಯ? ಲೆಕ್ಕವನ್ನೆಲ್ಲ ಚಂದವಾಗಿ ಬರೆದು ಭಾಗವತರಿಗೆ ಕಳಿಸಿದ್ದೇನೆ.

ದಿನಕರ


ಶಿರಾಲಿ
17 ಫೆಬ್ರವರಿ 2025

ದಿನಕರ,

ನನ್ನ ಹೆಂಡತಿಯನ್ನು ನಾಳೆಯ ಬಸ್ಸಿಗೆ ಹತ್ತಿಸು. ಗ್ಯಾಸ್ ಲೈಟರಿನ ಎದುರು ಆರಡಿಯಲ್ಲಿ ಯಾರು ಬೇಕಾದರೂ ನಿಂತಾರು. ಗಂಡಸಾದರೆ ಕರ್ಕಿಗೆ ಬಾ. ಮಾರ್ಚ್ ಎರಡು, ಭಾನುವಾರ ಬೆಳಿಗ್ಗೆ, ಭಾಗವತರ ಮನೆಯ ಎದುರಿನ ಗದ್ದೆ. ಎಲ್ಲರ ಕಣ್ಣೆದುರಿಗೇ ಆಗಲಿ.

ಮಾಬ್ಲೇಶ್ವರ


ಶಿರಾಲಿ
3 ಮಾರ್ಚ್ 2025

ಭಾವ,

ನೀನು ಬರಲಿಲ್ಲ. ಬರುವುದಿಲ್ಲ ಎಂದು ನನಗೂ ಗೊತ್ತಿತ್ತು. ನಡೆದದ್ದನ್ನು ನಾನೇ ಬರೆಯುತ್ತೇನೆ.

ಗೂಡ್ಸ್ ರಿಕ್ಷಾದಲ್ಲಿ ಯಂತ್ರ ಒಯ್ದೆ. ಬಾಡಿಗೆ ಜನರೇಟರ್ ತಂದಿದ್ದೆ, ಎತ್ತಿತು, ನಿನ್ನ ಬಾಯಿಗೆ ಮಣ್ಣು. ಭಾಗವತರು, ಅವರ ಹೆಂಡತಿ ನರ್ಮದಾ, ಮೇಳದ ಏಳೆಂಟು ಜನ, ಊರವರು ಸುಮಾರು ನಲವತ್ತು. ನೀನು ಹೇಳಿದ ಹಾಗೆ ಮೇಲಿನ ಬಳೆಯಿಂದಲೇ ಟೇಪು ಹಿಡಿದೆ, ಇಲ್ಲದಿದ್ದರೆ ಆಮೇಲೆ ತಕರಾರು ತೆಗೆಯುತ್ತೀಯ. ಹನ್ನೆರಡು ಅಡಿ. ಆರೂಕಾಲು ಅಡಿ ಕಿಡಿ, ಹೊಸ ಕಾಯಿಲಿನದ್ದು. ಚಂಡೆಯವನು ಕೋಲು ಕೆಳಗೆ ಹಾಕಿ ಓಡಿದ.

ದೇವಿ ಅಲ್ಲಾಡದೆ ನಿಂತಿದ್ದಳು. ಮುಗಿದ ಮೇಲೆ ಗದ್ದೆಯ ಬದುವಿನ ಮೇಲೆ ಕೂತಳು. ಬಿಸಿಲು ಜಾಸ್ತಿ ಇತ್ತು. ನರ್ಮದಾ ನೀರು ತಂದು ಕುಡಿಸಿದಳು. ಕುಡಿಸಿ ನನ್ನ ಕಡೆ ತಿರುಗಿ, "ಇವತ್ತು ಇವ್ರು ನಮ್ಮನೆಗೇ ಇರ್ಲಿ, ನೀವು ನಿಮ್ ಮಷೀನು ಕಟ್ಕಂಡು ಹೋಗಿ" ಎಂದಳು. ಯಾಕೆ ಅಷ್ಟು ಸಿಟ್ಟೋ ಗೊತ್ತಾಗಲಿಲ್ಲ. ಜನರ ಎದುರು ಮಾತು ಬೆಳೆಸುವುದು ಬೇಡವೆಂದು ಬಿಟ್ಟು ಬಂದೆ. ಎರಡು ದಿನದಲ್ಲಿ ಹೋಗಿ ಕರೆದುಕೊಂಡು ಬರುತ್ತೇನೆ.

ಬಲ ಬಲವೇ, ಭಾವ. ಒಪ್ಪಿಕೊಂಡು ಒಂದು ಸಾಲು ಬರೆ, ಸಾಕು.

ಮಾಬ್ಲೇಶ್ವರ


ಕರ್ಕಿ
26 ಮಾರ್ಚ್ 2025

ಅಣ್ಣನಿಗೂ ಇವರಿಗೂ,

ಒಂದೇ ಕಾಗದವನ್ನು ಎರಡು ಸಲ ಬರೆದು ಇಬ್ಬರಿಗೂ ಕಳಿಸುತ್ತಿದ್ದೇನೆ. ಒಬ್ಬರಿಗೆ ಒಂದು ಅಕ್ಷರ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆ ಇಲ್ಲ.

ಮೂರು ತಿಂಗಳಿಗೆ ತಪಾಸಣೆಗೆ ಬರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಇಬ್ಬರಿಗೂ ನೆನಪಿರಲಿಲ್ಲ. ನರ್ಮದಕ್ಕ ಜೊತೆಗೆ ಬಂದರು. ಅಲ್ಲಿ ಅರ್ಚಿತಾ ಎಂಬ ಹುಡುಗಿ ನನ್ನ ಭುಜದ ಮೇಲೆ ಒಂದು ಬಿಲ್ಲೆ ಇಟ್ಟಳು. ಒಳಗಿನ ಬ್ಯಾಟರಿ ಇಷ್ಟು ದಿನ ಕಂಡದ್ದನ್ನೆಲ್ಲ ಹೊರಗಿನ ಯಂತ್ರಕ್ಕೆ ಹೇಳಿತು. ಹಾಗೆ ಹೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ದೊಡ್ಡ ವಿಜ್ಞಾನಿಗಳು ನೀವಿಬ್ಬರು, ನಿಮಗೂ ಗೊತ್ತಿರಲಿಲ್ಲ.

ಕಾಗದ ಹೊರಗೆ ಬಂತು. ಆ ಹುಡುಗಿ ಅದನ್ನು ಎರಡು ಸಲ ಓದಿದಳು. ಆಮೇಲೆ ಒಂದು ತಾರೀಖು ಹೇಳಿ, "ಅಮ್ಮ, ಈ ದಿನ ಬೆಳಿಗ್ಗೆ ನೀವು ಎಲ್ಲಿದ್ರಿ?" ಎಂದು ಕೇಳಿದಳು. ಆ ಬೆಳಿಗ್ಗೆ ನನ್ನ ಸುತ್ತ ಎಂಥದೋ ದೊಡ್ಡ ಗದ್ದಲ ಆಗಿದೆಯಂತೆ, ಕಿವಿಗೆ ಕೇಳುವ ಗದ್ದಲ ಅಲ್ಲ, ತಂತಿಗೆ ಕೇಳುವಂಥದ್ದು. ಬ್ಯಾಟರಿ ಅದನ್ನು ನನ್ನ ಎದೆಬಡಿತ ಎಂದೇ ತಿಳಿಯಿತಂತೆ. ಎದೆ ತಾನಾಗಿಯೇ ಬಡಿಯುತ್ತಿದೆಯಲ್ಲ ಎಂದು ಪೆಟ್ಟು ಕೊಡುವುದನ್ನು ನಿಲ್ಲಿಸಿತಂತೆ. ಎದೆ ಬಡಿಯುತ್ತಿರಲಿಲ್ಲ. ನಾಲ್ಕು ಸೆಕೆಂಡು. ಇನ್ನೂ ಸ್ವಲ್ಪ ಹೊತ್ತು ಹಾಗೇ ಮುಂದುವರಿದಿದ್ದರೆ ಈ ಕಾಗದ ಬರೆಯುವವರು ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ನಿಂತ ದಿನಗಳು ಮೂರು. ಶಿರಾಲಿಯಲ್ಲಿ ಒಂದು, ಕುಮಟೆಯಲ್ಲಿ ಒಂದು, ಇಲ್ಲಿ ಒಂದು. ಕಾಗದದಲ್ಲಿ ಇರುವ ತಾರೀಖು ಒಂದೇ. ಆದದ್ದು ಇಬ್ಬರಿಂದಲ್ಲ, ಒಬ್ಬರಿಂದ.

ಯಾರಿಂದ ಎಂದು ನಾನು ಹೇಳುವುದಿಲ್ಲ.

ನನಗೆ ಸಿಟ್ಟಿದೆ. ಎಷ್ಟೆಂದರೆ ಬರೆಯಲು ಕೂತರೆ ಪೆನ್ನು ಕಾಗದವನ್ನು ತೂತು ಮಾಡುತ್ತಿದೆ. ಸಾವಿನ ಹೆದರಿಕೆಯಿಂದ ಬಂದ ಸಿಟ್ಟು ಇದಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಗಾಯ ಒಣಗಿತೇ ಎಂದು ನೀವಿಬ್ಬರೂ ಒಂದು ಸಲವೂ ಕೇಳಲಿಲ್ಲ. ಎಷ್ಟು ಅಡಿ ಎಂದು ಕೇಳಿದಿರಿ. ಎಲ್ಲಿಂದ ಅಳೆದದ್ದು ಎಂದು ಕೇಳಿದಿರಿ. ಅಣ್ಣ, ನಿನ್ನ ಮನೆಗೆ ನಾನು ಮಲಗಲು ಬಂದಿದ್ದೆ. ಹೊಸಿಲು ದಾಟಿದಾಗ ನೆಲದ ಮೇಲೆ ಸೀಮೆಸುಣ್ಣದ ಗೆರೆ ಕಂಡಿತು. ನೀವು, ಎದೆಯ ಮೇಲಿನಿಂದ ಕೈ ತೆಗೆ ಎಂದಿರಿ. ಆ ಕೈ ಅಲ್ಲಿ ಇದ್ದದ್ದು ಹೆದರಿಕೆಗೆ ಅಲ್ಲ. ಹೊಲಿಗೆ ಎಳೆಯುತ್ತಿತ್ತು.

ಕರೆದಾಗಲೆಲ್ಲ ಆತು ಎಂದೆ. ತವರಿನಲ್ಲಿ ಆತು, ಗಂಡನ ಮನೆಯಲ್ಲಿ ಆತು. ಆತು ಎಂದವಳ ತಪ್ಪೂ ಇದೆ, ಅದನ್ನು ನಾನೇ ಹೊರುತ್ತೇನೆ.

ಭಾಗವತರು ನಿಮ್ಮಿಬ್ಬರ ಮಿಂಚೂ ಬೇಡ, ರಾಳವೇ ಸಾಕು ಎಂದಿದ್ದಾರೆ. "ಹೆಂಗ್ಸನ್ನ ಎದ್ರಿಗೆ ನಿಲ್ಸಿ ಪರೀಕ್ಷೆ ಮಾಡಿದ್ದು ನಮ್ ರಂಗಕ್ಕೆ ಬ್ಯಾಡ" ಎಂದರು. ಮೇಳದ ಬಟ್ಟೆಗಳಿಗೆ ಜರಿ ಹೊಲಿಯುವ ಕೆಲಸ ನರ್ಮದಕ್ಕನ ಹತ್ತಿರ ಬೇಕಾದಷ್ಟಿದೆ, ನಾನೂ ಹೊಲಿಯುತ್ತೇನೆ. ಇಲ್ಲಿಯೇ ಇರುತ್ತೇನೆ. ಬರಬೇಡಿ. ಫೋನ್ ಎತ್ತುವುದಿಲ್ಲ.

ದೇವಿ


ಕುಮಟಾ
29 ಮಾರ್ಚ್ 2025

ಚಿ. ದೇವಿಗೆ ಅಣ್ಣನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಊಟ ಬಿಟ್ಟೆ. ಆದರೂ ನಿಧಾನವಾಗಿ ಯೋಚಿಸೋಣ. ಅವನ ಯಂತ್ರದ ಬಲ ನನ್ನದಕ್ಕಿಂತ ಎಂಟು ಪಟ್ಟು ಹೆಚ್ಚು. ಅವನದ್ದರ ಎದುರು ನೀನು ಎರಡು ದಿನ ನಿಂತಿದ್ದೀ, ನನ್ನದರ ಎದುರು ಒಂದೇ ದಿನ. ನಾನು ಅಳತೆ ತಪ್ಪುವವನಲ್ಲ ಎಂದು ನಿನಗೆ ಚಿಕ್ಕಂದಿನಿಂದ ಗೊತ್ತು. ಹಾಗಾಗಿ ಆ ತಾರೀಖು ಮಾರ್ಚ್ ಎರಡೇ ಇರಬೇಕು. ಇನ್ನೇನೂ ಬರೆಯುವುದು ಬೇಡ, ಹೌದು ಎಂದು ಒಂದು ಕಾರ್ಡು ಹಾಕು. ನಿದ್ದೆ ಬರುತ್ತಿಲ್ಲ.

ಆರೋಗ್ಯ ನೋಡಿಕೊ.

ನಿನ್ನ ಅಣ್ಣ
ದಿನಕರ


ಶಿರಾಲಿ
30 ಮಾರ್ಚ್ 2025

ದೇವಿಗೆ,

ಯಂತ್ರ ಬಿಚ್ಚಿ ಹಾಕಿದೆ. ಬಿಚ್ಚಿದ್ದನ್ನು ನೋಡಲು ನಾಗಮ್ಮ ಬಂದಿದ್ದಳು. ಅವಳಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ, ನನ್ನ ಮುಖ ನೋಡಿ ತಿರುಗಿ ಹೋದಳು. ಮನೆಯಲ್ಲಿ ಅನ್ನ ಮಾಡಿದರೆ ಮುದ್ದೆಯಾಗುತ್ತದೆ, ಇಲ್ಲವೇ ಬೇಯುವುದೇ ಇಲ್ಲ. ನೀನು ಬಯ್ಯಿ, ಹೊಡಿ, ಬಂದು ಏನು ಬೇಕಾದರೂ ಮಾಡು.

ಬಾರದಿದ್ದರೂ ಅಡ್ಡಿಯಿಲ್ಲ. ಆ ದಿನ ಯಾವುದು ಎಂದು ಮಾತ್ರ ಹೇಳು. ಕುಮಟೆಯದ್ದೇ ತಾನೆ? ಆರು ಅಡಿ ಎಂದರೆ ತೀರ ಹತ್ತಿರವಾಯಿತಲ್ಲ, ನಾನಂತೂ ಅಷ್ಟು ಹತ್ತಿರ ಯಾವತ್ತೂ ನಿಲ್ಲಿಸಲಿಲ್ಲ. ಅವನದ್ದು ಎಂದು ನಿನ್ನ ಕೈಬರಹದಲ್ಲಿ ಒಂದು ಮಾತು ಬಂದರೆ ನಾನು ಹೇಗಾದರೂ ಬದುಕುತ್ತೇನೆ.

ಮಾಬ್ಲೇಶ್ವರ


ಕರ್ಕಿ
7 ಏಪ್ರಿಲ್ 2025

ಅಣ್ಣ,

ಹೇಳುವುದಿಲ್ಲ ಎಂದಿದ್ದೆ. ಕೇಳಿದ್ದೀ, ಹೇಳುತ್ತೇನೆ. ನಿನ್ನದು.

ದೇವಿ


ಕರ್ಕಿ
7 ಏಪ್ರಿಲ್ 2025

ಇವರಿಗೆ,

ಹೇಳುವುದಿಲ್ಲ ಎಂದಿದ್ದೆ. ಕೇಳಿದ್ದೀರಿ, ಹೇಳುತ್ತೇನೆ. ನಿಮ್ಮದು.

ದೇವಿ


ಕುಮಟಾ
11 ಏಪ್ರಿಲ್ 2025

ಮಾನ್ಯ ಶ್ರೀ ಮಾಬ್ಲೇಶ್ವರ ನಾಯ್ಕರಿಗೆ,

ದೇವಿಯ ಉತ್ತರ ಬಂದಿದೆ. ತಮ್ಮದು ಎಂದು ಸ್ಪಷ್ಟವಾಗಿ ಬರೆದಿದ್ದಾಳೆ. ನನಗೆ ಆಶ್ಚರ್ಯವಾಗಲಿಲ್ಲ. ಈ ವಿಷಯದಲ್ಲಿ ಇನ್ನು ಪತ್ರವ್ಯವಹಾರ ಬೇಡ. ಕರ್ಕಿಗೆ ಹೋಗಿ ಅವಳನ್ನು ಕೇಳುವುದೂ ಬೇಡ, ಅವಳಿಗೆ ಆಯಾಸವಾಗುತ್ತದೆ.

ದಿನಕರ


ಶಿರಾಲಿ
11 ಏಪ್ರಿಲ್ 2025

ಭಾವ,

ದೇವಿ ಕಾರ್ಡು ಹಾಕಿದ್ದಾಳೆ. ನಿನ್ನದಂತೆ. ನನ್ನದಲ್ಲವಂತೆ. ಕಾರ್ಡು ತೋರಿಸು ಎಂದು ಕೇಳಬೇಡ, ಓದಿದ ಕೂಡಲೇ ಒಲೆಗೆ ಹಾಕಿದೆ.

ಮಾಬ್ಲೇಶ್ವರ